ಬಿಪಿ ಸರಿಯಿತ್ತು, ಆದರೂ ಹುಡುಗ ಕುಸಿದ: ಕ್ಯಾಷುಯಾಲ್ಟಿ ಬಾಗಿಲಲ್ಲಿ ಯಾರು ಮೊದಲು?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್. ರಾತ್ರಿ ಪಾಳಿಯಲ್ಲಿ ಕ್ಯಾಷುಯಾಲ್ಟಿಗೆ ಒಬ್ಬರು ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್, ಒಬ್ಬ ಅಟೆಂಡರ್. ಈಚೆಗೆ ಹೆದ್ದಾರಿಯಲ್ಲಿ ಟೆಂಪೊ, ಆಟೊ, ಬೈಕು ಗುದ್ದಿಕೊಂಡು ಐದು ಜನ ಒಟ್ಟಿಗೇ ಬಂದರು. ತಲೆ ಒಡೆದು ಮುಖವೆಲ್ಲ ರಕ್ತವಾಗಿ ಕೂಗಾಡುತ್ತಿದ್ದವರನ್ನು ಮೊದಲು ಒಳಗೆ ಕರೆದುಕೊಂಡೆವು, ಡಾಕ್ಟರ್ ಹೊಲಿಗೆಗೆ ಕೂತರು. ಮುಂಗೈ ಮುರಿದ ಹೆಂಗಸು, ಮಂಡಿ ತರಚಿದ ಆಟೊ ಚಾಲಕ, ಪಕ್ಕೆ ನೋವೆನ್ನುತ್ತಿದ್ದ 68 ವರ್ಷದ ಅಜ್ಜ ಕಾಯುತ್ತಿದ್ದರು. ಬೈಕಿನಲ್ಲಿದ್ದ 17 ವರ್ಷದ ಹುಡುಗ, ಹ್ಯಾಂಡಲ್ ಹೊಟ್ಟೆಗೆ ಬಡಿಯಿತು, ಎಡಭುಜವೂ ನೋಯುತ್ತಿದೆ ಎಂದ. ಮೈಮೇಲೆ ಗಾಯವಿರಲಿಲ್ಲ. ನಾಡಿ 128, ಬಿಪಿ 110/80, ಉಸಿರು 26. ಬಿಪಿ ಸರಿಯಿದೆ ಎಂದು ಬೆಂಚಿನ ಮೇಲೆ ಕೂರಿಸಿದೆವು. 50 ನಿಮಿಷಕ್ಕೆ ಕುಸಿದ. ದೊಡ್ಡ ಆಸ್ಪತ್ರೆಯಲ್ಲಿ ಗುಲ್ಮ (ಸ್ಪ್ಲೀನ್) ಹರಿದಿತ್ತೆಂದು ತೆಗೆದರು, ಬದುಕಿದ. ನಾವು ಏನನ್ನು ನೋಡಬೇಕಿತ್ತು? ಇಷ್ಟೇ ಜನ ಇರುವಾಗ ಮೊದಲ ಐದು ನಿಮಿಷ ಹೇಗೆ ನಡೆಯಬೇಕು? ಹೊಲಿಗೆ ಹಾಕುತ್ತಿರುವ ಡಾಕ್ಟರನ್ನು ಏನೆಂದು ಹೇಳಿ ಎಬ್ಬಿಸುವುದು?

ಉತ್ತರ: ಸಿಸ್ಟರ್, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೀವೇ ಬರೆದ ಮೂರು ಅಂಕಿಗಳಲ್ಲಿದೆ. ನಾಡಿ, ಉಸಿರು, ಬಿಪಿ ಮೂರನ್ನೂ ನೀವು ಅಳೆದಿದ್ದಿರಿ. ತಪ್ಪಿದ್ದು ಅಳತೆಯಲ್ಲ, ಮೂರರಲ್ಲಿ ಎಲ್ಲಕ್ಕಿಂತ ತಡವಾಗಿ ಕೆಡುವ ಅಂಕಿಯನ್ನು ನಂಬಿ, ಮೊದಲು ಕೆಡುವ ಎರಡನ್ನು ಬದಿಗಿಟ್ಟದ್ದು.

70 ಕೆಜಿಯ ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. 750 ಮಿಲಿ ಹೋಗುವವರೆಗೆ ಹೊರಗೆ ಹೆಚ್ಚೇನೂ ಕಾಣದು. 750ರಿಂದ 1500 ಮಿಲಿ ಹೋಗುವಾಗ ನಾಡಿ 100 ದಾಟುತ್ತದೆ, ಉಸಿರು ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆದರೆ ರಕ್ತನಾಳಗಳು ಬಿಗಿದುಕೊಳ್ಳುವುದರಿಂದ ಬಿಪಿಯ ಮೇಲಿನ ಅಂಕಿ ಹಾಗೇ ನಿಂತಿರುತ್ತದೆ, ಕೆಳಗಿನದು ಏರುತ್ತದೆ. ಮೇಲಿನ ಅಂಕಿ ಬೀಳುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ರಕ್ತ ಹೋದಾಗ. 50 ಕೆಜಿಯ ಹುಡುಗನಲ್ಲಿ ಇರುವುದೇ ಮೂರೂವರೆ ಲೀಟರ್. ಅಂದರೆ ಅವನ ಬಿಪಿ ಬೀಳಲಿ ಎಂದು ಕಾದರೆ ಒಂದು ಲೀಟರ್ ರಕ್ತ ಹೊಟ್ಟೆಯೊಳಗೆ ಸೇರಲಿ ಎಂದು ಕಾದಂತೆ. 110/80ರಲ್ಲಿ ಎರಡು ಅಂಕಿಗಳ ಅಂತರ 30 ಮಾತ್ರ. ಆರೋಗ್ಯವಂತರಲ್ಲಿ ಅದು 40ರ ಆಸುಪಾಸು. ಆ ಕಿರಿದಾದ ಅಂತರವೇ ನಾಳಗಳು ಬಿಗಿದಿವೆ ಎಂಬುದರ ಗುರುತು.

ಇದಕ್ಕೊಂದು ಸುಲಭ ಲೆಕ್ಕವಿದೆ. ನಾಡಿಯನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿ. ಆರೋಗ್ಯವಂತರಲ್ಲಿ 0.5ರಿಂದ 0.7 ಬರುತ್ತದೆ. 0.9 ದಾಟಿದರೆ ಅನುಮಾನಿಸಬೇಕು, 1 ದಾಟಿದರೆ ಏಳಬೇಕು. ಇದನ್ನು ಶಾಕ್ ಇಂಡೆಕ್ಸ್ ಎನ್ನುತ್ತಾರೆ (ಶಾಕ್ ಎಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ). ನಿಮ್ಮ ಹುಡುಗನದು 128/110, ಅಂದರೆ 1.16. ಗದ್ದಲದಲ್ಲಿ ಭಾಗಾಕಾರ ಮಾಡಲು ಪುರುಸೊತ್ತಿಲ್ಲದಿದ್ದರೆ ಇಷ್ಟು ನೆನಪಿಡಿ: ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಗಿಂತ ದೊಡ್ಡದಾಗಿದ್ದರೆ, ಬೇರೆ ಕಾರಣ ಸಿಗುವವರೆಗೆ ಆ ಗಾಯಾಳು ಒಳಗೆ ರಕ್ತ ಸುರಿಸುತ್ತಿದ್ದಾನೆ.

ಎಡಭುಜದ ನೋವೂ ಸುಳಿವೇ. ಗುಲ್ಮದಿಂದ ಸುರಿದ ರಕ್ತ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆ) ಕೆಳಭಾಗಕ್ಕೆ ತಾಗಿದರೆ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ, ಎರಡರ ನರಗಳ ಮೂಲ ಕುತ್ತಿಗೆಯಲ್ಲಿ ಒಂದೇ ಆದ್ದರಿಂದ. ಭುಜವನ್ನು ಒತ್ತಿ, ಅಲ್ಲಾಡಿಸಿ ನೋಡಿ. ಒತ್ತಿದರೆ ನೋವಿಲ್ಲ, ತೋಳು ಸಲೀಸಾಗಿ ಎತ್ತುತ್ತಾನೆ, ಆದರೆ ಮಲಗಿಸಿದರೆ ನೋವು ಹೆಚ್ಚುತ್ತದೆ ಎಂದಾದರೆ ಪೆಟ್ಟು ಭುಜದ್ದಲ್ಲ, ಹೊಟ್ಟೆಯದು. ಹ್ಯಾಂಡಲ್ ಬಡಿದ ಹೊಟ್ಟೆಯ ಚರ್ಮದ ಮೇಲೆ ಒಂದು ಗೀರೂ ಇಲ್ಲದಿರಬಹುದು. ಅಂಗಿ ಎತ್ತಿ ನೋಡಲೇಬೇಕು, ಆದರೆ ಏನೂ ಕಾಣಲಿಲ್ಲವೆಂದು ಸಮಾಧಾನಪಡಬಾರದು.

ಇನ್ನೊಂದು ಮಾತು: ಇಂಥವರ ಹಿಮೋಗ್ಲೋಬಿನ್ ಮಾಡಿಸಿ, 13 ಬಂತು, ರಕ್ತಸ್ರಾವವಿಲ್ಲ ಎಂದು ನಿರಾಳರಾಗುವುದುಂಟು. ರಕ್ತ ಹೋಗುವಾಗ ಕಣವೂ ನೀರೂ ಒಟ್ಟಿಗೇ ಹೋಗುತ್ತವೆ. ಉಳಿದ ರಕ್ತದ ಸಾಂದ್ರತೆ ಮೊದಮೊದಲು ಬದಲಾಗುವುದಿಲ್ಲ. ಮೊದಲ ಗಂಟೆಯ ಹಿಮೋಗ್ಲೋಬಿನ್ ಮುಂದಿನದಕ್ಕೆ ಹೋಲಿಸಲಷ್ಟೇ ಉಪಯೋಗ. ಹೊಟ್ಟೆಯ ಸ್ಕ್ಯಾನ್ ಕೂಡ ಹಾಗೆಯೇ: ನೀರು ಕಂಡರೆ ನಂಬಿ, ಕಾಣದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.

ಈಗ ಮೊದಲ ಐದು ನಿಮಿಷದ ವಿಷಯ. ಟ್ರಯಾಜ್ ಎಂದರೆ ಚಿಕಿತ್ಸೆಯಲ್ಲ, ಸರದಿ ನಿರ್ಧಾರ. ಯಾರ ಪ್ರಾಣಕ್ಕೆ ಸಮಯ ಕಡಿಮೆಯಿದೆಯೋ ಅವರು ಮೊದಲು. ಬಂದ ಕ್ರಮ, ರಕ್ತದ ಬಣ್ಣ, ಕೂಗಿನ ಜೋರು, ಮುಖಂಡರ ಫೋನು ಯಾವುದೂ ಲೆಕ್ಕಕ್ಕಿಲ್ಲ. ನೆಪೋಲಿಯನ್ನನ ಸೇನೆಯ ಸರ್ಜನ್ ಡೊಮಿನಿಕ್ ಲ್ಯಾರೆ ಇನ್ನೂರು ವರ್ಷದ ಹಿಂದೆಯೇ ಹುದ್ದೆ ನೋಡದೆ ಗಾಯದ ತೀವ್ರತೆ ನೋಡಿ ಸರದಿ ಹಚ್ಚಿದ್ದರು. ನಮ್ಮ ಕ್ಯಾಷುಯಾಲ್ಟಿಗಳಲ್ಲಿ ಇಂದಿಗೂ ಅದಕ್ಕಾಗಿ ಜಗಳವಾಡಬೇಕಾಗಿರುವುದು ಬೇಸರದ ಸಂಗತಿ.

ಇಬ್ಬರು ಸಿಸ್ಟರ್ ಇದ್ದೀರಿ. ಒಬ್ಬರು ಬಾಗಿಲಲ್ಲಿ ನಿಲ್ಲಬೇಕು, ಐವರನ್ನೂ ನೋಡಿ ಮುಗಿಯುವವರೆಗೆ ಅಲ್ಲಿಂದ ಕದಲಬಾರದು. ಹೊಲಿಗೆ ಟ್ರೇ ಹಿಡಿಯಲು ಯಾರು ಕರೆದರೂ ಹೋಗಬಾರದು. ಎಲ್ಲ ಕಡೆ ವ್ಯವಸ್ಥೆ ಮುರಿಯುವುದು ಇಲ್ಲಿಯೇ: ಮೊದಲನೇ ಗಾಯಾಳುವಿನ ಜೊತೆ ಬಾಗಿಲ ಸಿಸ್ಟರ್ ಕೂಡ ಒಳಗೆ ಹೋಗಿಬಿಡುತ್ತಾರೆ, ಉಳಿದ ನಾಲ್ವರನ್ನು ನೋಡುವವರೇ ಇರುವುದಿಲ್ಲ.

ಮೊದಲ ಸುತ್ತು ಒಬ್ಬೊಬ್ಬರಿಗೆ ಹದಿನೈದು ಸೆಕೆಂಡು. ಉಪಕರಣ ಬೇಡ. ಎಲ್ಲಿಂದಾದರೂ ರಕ್ತ ಚಿಮ್ಮುತ್ತಿದೆಯೇ, ನೋಡಿ. ಮುಂಗೈ ಹಿಡಿದು ಹೆಸರು ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಉಸಿರಿನ ದಾರಿ ತೆರೆದಿದೆ, ಶ್ವಾಸಕೋಶ ನಡೆಯುತ್ತಿದೆ, ಮಿದುಳಿಗೆ ರಕ್ತ ಹೋಗುತ್ತಿದೆ. ಅದೇ ಹೊತ್ತಿಗೆ ನಿಮ್ಮ ಬೆರಳಿನ ಕೆಳಗೆ ನಾಡಿ ಸಿಗುತ್ತದೋ ಇಲ್ಲವೋ, ಕೈ ಬೆಚ್ಚಗಿದೆಯೋ ತಣ್ಣಗೆ ಬೆವರಿದೆಯೋ ತಿಳಿಯುತ್ತದೆ. ಗೊರಗೊರ ಶಬ್ದ, ಮುಂಗೈ ನಾಡಿ ಸಿಗದಿರುವುದು, ಕರೆದರೆ ಕಣ್ಣು ತೆರೆಯದಿರುವುದು, ಒತ್ತಿದರೂ ನಿಲ್ಲದ ರಕ್ತ ಇವುಗಳಲ್ಲಿ ಒಂದಿದ್ದರೂ ಕೆಂಪು, ನೇರ ಒಳಗೆ. ಅವರಿಗೆ ಅಂಕ ಹಾಕುತ್ತ ಕೂರಬೇಡಿ.

ಎರಡನೇ ಸುತ್ತಿಗೆ ನಿಮ್ಮಂಥ ಆಸ್ಪತ್ರೆಗೆ ಹೊಂದುವುದು ದಕ್ಷಿಣ ಆಫ್ರಿಕಾದ ಟ್ರಯಾಜ್ ಕ್ರಮ ಎಂಬುದು ನನ್ನ ಅಭಿಪ್ರಾಯ. ಕೇಪ್‌ಟೌನ್ ಸುತ್ತಲಿನ ಆಸ್ಪತ್ರೆಗಳಿಗಾಗಿ ರೂಪಿಸಿದ್ದು. ವೈದ್ಯರು ಕಡಿಮೆ, ಗಾಯಾಳುಗಳು ಹೆಚ್ಚು ಇರುವ ಕಡೆ ನರ್ಸುಗಳೇ ನಡೆಸಲು ಮಾಡಿದ ಲೆಕ್ಕ. ದೆಹಲಿಯ ಏಮ್ಸ್‌ನ ಕ್ರಮದಲ್ಲಿ ಕೆಂಪು, ಹಳದಿ, ಹಸಿರು ಎಂಬ ಮೂರೇ ಬಣ್ಣಗಳಿವೆ. ಅದೂ ಒಳ್ಳೆಯದೇ, ಆದರೆ ಹೊಸಬರಿಗೆ ಅಂಕಿಗಳ ಆಸರೆ ಇದ್ದರೆ ಧೈರ್ಯ ಬರುತ್ತದೆ.

ವಯಸ್ಕರ ಲೆಕ್ಕ ಹೀಗಿದೆ. ತಾನೇ ನಡೆದರೆ 0, ಹಿಡಿದುಕೊಂಡು ನಡೆಸಿದರೆ 1, ಸ್ಟ್ರೆಚರ್ ಆದರೆ 2. ಉಸಿರು ನಿಮಿಷಕ್ಕೆ 9ರಿಂದ 14 ಇದ್ದರೆ 0, 15ರಿಂದ 20ಕ್ಕೆ 1, 21ರಿಂದ 29ಕ್ಕೆ 2, 30 ಅಥವಾ ಮೇಲಿದ್ದರೆ 3. 9ಕ್ಕಿಂತ ಕಡಿಮೆಗೆ 2. ನಾಡಿ 51ರಿಂದ 100 ಇದ್ದರೆ 0, 101ರಿಂದ 110ಕ್ಕೆ 1, 111ರಿಂದ 129ಕ್ಕೆ 2, 130 ಅಥವಾ ಮೇಲಿದ್ದರೆ 3. 41ರಿಂದ 50ಕ್ಕೆ 1, ಅದಕ್ಕೂ ಕೆಳಗೆ 2. ಬಿಪಿಯ ಮೇಲಿನ ಅಂಕಿ 101ರಿಂದ 199ಕ್ಕೆ 0, 81ರಿಂದ 100ಕ್ಕೆ 1, 71ರಿಂದ 80ಕ್ಕೆ 2, ಅದಕ್ಕೂ ಕೆಳಗೆ 3. 199 ಮೀರಿದರೆ 2. ಮೈಬಿಸಿ 35 ಡಿಗ್ರಿಗಿಂತ ಕಡಿಮೆ ಅಥವಾ 38.4 ಮೀರಿದ್ದರೆ 2. ಎಚ್ಚರವಿದ್ದರೆ 0, ಕರೆದಾಗ ಮಾತ್ರ ಸ್ಪಂದಿಸಿದರೆ 1, ಗೊಂದಲದಲ್ಲಿದ್ದರೆ ಅಥವಾ ನೋಯಿಸಿದಾಗ ಮಾತ್ರ ಸ್ಪಂದಿಸಿದರೆ 2, ಏನೂ ಇಲ್ಲದಿದ್ದರೆ 3. ಪೆಟ್ಟಾಗಿದ್ದರೆ 1. ಒಟ್ಟು 7 ಅಥವಾ ಮೇಲೆ ಕೆಂಪು, ತಕ್ಷಣ. 5–6 ಕಿತ್ತಳೆ, 10 ನಿಮಿಷದೊಳಗೆ. 3–4 ಹಳದಿ, ಒಂದು ಗಂಟೆಯೊಳಗೆ. ಉಳಿದದ್ದು ಹಸಿರು, ನಾಲ್ಕು ಗಂಟೆಯವರೆಗೆ ಕಾಯಬಹುದು.

ನಿಮ್ಮ ಹುಡುಗನಿಗೆ ಹಾಕಿ ನೋಡಿ. ಹಿಡಿದುಕೊಂಡು ಬಂದಿದ್ದರೆ 1, ಉಸಿರು 26ಕ್ಕೆ 2, ನಾಡಿ 128ಕ್ಕೆ 2, ಬಿಪಿಗೆ 0, ಪೆಟ್ಟಿಗೆ 1. ಒಟ್ಟು 6, ಕಿತ್ತಳೆ. ಬಿಪಿಗೆ ಸೊನ್ನೆ ಸಿಕ್ಕರೂ ಹತ್ತು ನಿಮಿಷದೊಳಗೆ ಡಾಕ್ಟರ್ ಮುಂದೆ ಇರಬೇಕಿತ್ತು. ತಲೆ ಒಡೆದವರು ನಡೆದು ಬಂದಿದ್ದಾರೆ, ಕೂಗುತ್ತಿದ್ದಾರೆ. ನಾಡಿ 104, ಉಸಿರು 20 ಇತ್ತೆಂದೇ ಇಟ್ಟುಕೊಂಡರೂ ಪೆಟ್ಟಿನ ಅಂಕ ಸೇರಿ ಒಟ್ಟು 3, ಹಳದಿ. ಆದರೆ ಒಂದು ಷರತ್ತು: ರಕ್ತ ನಿಂತಿರಬೇಕು. ಈ ಕ್ರಮದಲ್ಲಿ ಇನ್ನೂ ತಡೆಯದ ರಕ್ತಸ್ರಾವ ಅಂಕ ಎಷ್ಟೇ ಕಡಿಮೆ ಇರಲಿ ಕಿತ್ತಳೆ, ತಡೆದ ರಕ್ತಸ್ರಾವ ಹಳದಿ. ಅಂದರೆ ಒಂದು ಗಾಜ್ ಪ್ಯಾಡು ಮತ್ತು ಒತ್ತಿ ಹಿಡಿಯುವ ಒಂದು ಕೈ, ಇಷ್ಟರಿಂದ ಒಬ್ಬರನ್ನು ಸರದಿಯಲ್ಲಿ ಹಿಂದಕ್ಕೆ ಸರಿಸಿ ಹುಡುಗನಿಗೆ ಡಾಕ್ಟರನ್ನು ಬಿಡಿಸಿಕೊಡಬಹುದು.

ಆ ಒತ್ತುವ ಕೆಲಸವೇ ಬಹಳ ಕಡೆ ಸರಿಯಾಗಿ ಆಗುವುದಿಲ್ಲ. ಹತ್ತಿಯ ಮೇಲೆ ಹತ್ತಿ ಪೇರಿಸಿ ಬ್ಯಾಂಡೇಜ್ ಸುತ್ತುತ್ತಾರೆ. ರಕ್ತ ನಿಲ್ಲುವುದಿಲ್ಲ, ಕಾಣದಂತಾಗುತ್ತದೆ ಅಷ್ಟೆ. ಗಾಯ ಒರೆಸಿ, ರಕ್ತ ಬರುವ ಜಾಗ ಹುಡುಕಿ, ಮಡಿಸಿದ ಗಾಜ್ ಪ್ಯಾಡನ್ನು ಅಲ್ಲಿಗೇ ಇಟ್ಟು ಎರಡು ಬೆರಳಿನಿಂದ ಎಲುಬಿಗೆ ಒತ್ತಿ ಹತ್ತು ನಿಮಿಷ ಹಿಡಿಯಬೇಕು. ನಡುವೆ ಎತ್ತಿ ನೋಡಬಾರದು. ಜೊತೆಗೆ ಬಂದವರಿಗೆ ಗ್ಲೌಸ್ ಹಾಕಿಸಿ, ಹೇಗೆಂದು ತೋರಿಸಿ ಹಿಡಿಸಬಹುದು. ಕೈಕಾಲಿನಿಂದ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಅಗಲವಾದ ಟೂರ್ನಿಕೆಟ್ ಬಿಗಿದು ಅದರ ಮೇಲೆಯೇ ಸಮಯ ಬರೆಯಿರಿ. ದಾರ, ತಂತಿ ಬೇಡವೇ ಬೇಡ, ಅವು ನರವನ್ನು ಕತ್ತರಿಸುತ್ತವೆ.

ಅಜ್ಜನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಹುಡುಗನಾದ ಮೇಲೆ ಅವರದೇ ಚಿಂತೆ. ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರ ನಾಡಿ ರಕ್ತ ಹೋದರೂ ಏರುವುದಿಲ್ಲ. 76 ಎಂದೇ ತೋರಿಸುತ್ತದೆ. ದಿನವೂ 160 ಇರುವವರಿಗೆ 110 ಎಂಬುದು ಕುಸಿತವೇ. ಅದಕ್ಕೇ 65 ದಾಟಿದ ಗಾಯಾಳುಗಳಲ್ಲಿ ಮೇಲಿನ ಅಂಕಿ 110ಕ್ಕಿಂತ ಇಳಿದರೆ ಶಾಕ್ ಎಂದೇ ಹಿಡಿಯಬೇಕು. ಪಕ್ಕೆಲುಬು ಮುರಿದವರು ನೋವಿಗೆ ಮೇಲೆಮೇಲೆ ಉಸಿರಾಡುತ್ತ ನಿಧಾನವಾಗಿ ಸೋಲುತ್ತಾರೆ. ಉಸಿರು ಎಣಿಸಿ, ಆಕ್ಸಿಜನ್ ಪ್ರಮಾಣ ನೋಡಿ, 94ಕ್ಕಿಂತ ಕಡಿಮೆಯಿದ್ದರೆ ಆಕ್ಸಿಜನ್ ಹಚ್ಚಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ಮಗನನ್ನೋ ಸೊಸೆಯನ್ನೋ ಕೇಳಿ. ತಗೊಳ್ಳುತ್ತಿದ್ದು ತಲೆಗೂ ಪೆಟ್ಟಾಗಿದ್ದರೆ ಸಣ್ಣ ಪೆಟ್ಟಿಗೂ ಸಿ.ಟಿ. ಸ್ಕ್ಯಾನ್ ಬೇಕು. ಅಂಕ 4 ಬಂದರೂ ಇವರನ್ನು ಒಂದು ಬಣ್ಣ ಮೇಲೆ ಏರಿಸಿ. ಅನುಭವಿಗಳು ಮೇಲಕ್ಕೆ ಏರಿಸುವುದಕ್ಕೆ ಕ್ರಮದಲ್ಲೇ ಅವಕಾಶವಿದೆ. ತುಂಬು ಗರ್ಭಿಣಿಯರಿಗೂ ಇದೇ ಮಾತು: ಅವರಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುವುದರಿಂದ ಲಕ್ಷಣ ಇನ್ನೂ ತಡವಾಗಿ ಕಾಣುತ್ತದೆ, ಎಡಕ್ಕೆ ವಾಲಿಸಿ ಮಲಗಿಸಿ. ಚಿಕ್ಕ ಮಕ್ಕಳಿಗೆ ಮೇಲಿನ ಅಂಕಪಟ್ಟಿ ಅನ್ವಯಿಸದು, ಅವರಿಗೆ ಬೇರೆಯೇ ಇದೆ.

ಮುಂಗೈ ಮುರಿದ ಹೆಂಗಸಿಗೆ ಹಳದಿ: ಬಳೆ, ಉಂಗುರ ಮೊದಲು ತೆಗೆಸಿ (ಬಾತ ಮೇಲೆ ಬರುವುದಿಲ್ಲ), ಬೆರಳುಗಳ ಬಣ್ಣ ನೋಡಿ, ಹಲಗೆ ಕಟ್ಟಿ, ನೋವಿನ ಔಷಧ ಕೊಡಿಸಿ. ಆಟೊ ಚಾಲಕರು ಹಸಿರು.

ಅಳತೆಗಳ ಬಗ್ಗೆ ಎರಡು ಎಚ್ಚರ. ನೀವು ಉಸಿರು 26 ಎಂದು ಬರೆದದ್ದು ಮೆಚ್ಚಬೇಕಾದ ಕೆಲಸ, ಏಕೆಂದರೆ ಬಹಳಷ್ಟು ಕೇಸ್‌ಶೀಟ್‌ಗಳಲ್ಲಿ ಎಲ್ಲರ ಉಸಿರೂ 18 ಅಥವಾ 20 ಆಗಿರುತ್ತದೆ, ಯಾರೂ ಎಣಿಸಿರುವುದಿಲ್ಲ. ನಾಡಿ ಹಿಡಿದಂತೆಯೇ ಇದ್ದು, ಎದೆಯತ್ತ ನೋಡುತ್ತ 30 ಸೆಕೆಂಡು ಎಣಿಸಿ ದುಪ್ಪಟ್ಟು ಮಾಡಿ. ಎರಡನೆಯದು, ಬಟನ್ ಒತ್ತುವ ಬಿಪಿ ಯಂತ್ರ ಶಾಕ್‌ನಲ್ಲಿರುವವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಕೈ ತಣ್ಣಗಿದ್ದು ಯಂತ್ರ 110 ಎಂದರೆ ಕೈಯಿಂದ ಗಾಳಿ ತುಂಬುವ ಯಂತ್ರ ತಂದು ಮತ್ತೆ ನೋಡಿ.

"ಕುಡಿದಿದ್ದಾನೆ, ಮಲಗಲಿ ಬಿಡಿ" ಎಂಬ ಮಾತು ಕ್ಯಾಷುಯಾಲ್ಟಿಯಲ್ಲಿ ಕೇಳಬಾರದು. ವಾಸನೆ ಬಂದರೂ ಎಚ್ಚರ ತಪ್ಪಿದ್ದಕ್ಕೆ ಕಾರಣ ತಲೆಯ ಪೆಟ್ಟೆಂದೇ ಮೊದಲು ಎಣಿಸಬೇಕು. ಶುಗರ್ ನೋಡಿ, ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಅಂಕ ಬರೆಯಿರಿ, ಎರಡೂ ಪಾಪೆ ನೋಡಿ. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಕಟ್ಟುವವರು ಮೊದಲು ಚೆನ್ನಾಗಿಯೇ ಮಾತಾಡಿ, ಒಂದೆರಡು ಗಂಟೆಯಲ್ಲಿ ತೂಕಡಿಸಿ, ಆಮೇಲೆ ಎಚ್ಚರ ತಪ್ಪುತ್ತಾರೆ. ಆದ್ದರಿಂದ ತಲೆಗೆ ಪೆಟ್ಟಾದವರ ಗ್ಲಾಸ್ಗೋ ಅಂಕವನ್ನು ಮೊದಲ ಎರಡು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆ ಗಂಟೆಗೊಮ್ಮೆ ಬರೆಯಬೇಕು. ಎರಡು ಅಂಕ ಇಳಿದರೆ ಕೂಡಲೇ ಡಾಕ್ಟರ್. 8 ಅಥವಾ ಕೆಳಗಿದ್ದರೆ ಉಸಿರಿನ ದಾರಿಗೆ ನಳಿಕೆ ಬೇಕಾಗುತ್ತದೆ. ನಿಮ್ಮ ತಲೆ ಒಡೆದ ಗಾಯಾಳುವಿಗೂ ಇದು ಅನ್ವಯ. ಹೊಲಿಗೆ ಮುಗಿದರೆ ಕೆಲಸ ಮುಗಿದಂತಲ್ಲ.

ಕಾಯುವ ಬೆಂಚೇ ಅಪಾಯದ ಜಾಗ. ಹುಡುಗ ಬಂದಾಗ ಕಿತ್ತಳೆಯಾಗಿದ್ದ. 20ನೇ ನಿಮಿಷಕ್ಕೆ ಮತ್ತೆ ಎಣಿಸಿದ್ದರೆ ನಾಡಿ 130 ದಾಟಿ ಅಂಕ 7ಕ್ಕೆ, ಕೆಂಪಿಗೆ ಹೋಗಿರುವ ಸಾಧ್ಯತೆ ಹೆಚ್ಚು. ಒಮ್ಮೆ ಬಣ್ಣ ಹಚ್ಚಿದರೆ ಅದೇ ಕೊನೆಯಲ್ಲ. ಕಿತ್ತಳೆಯವರನ್ನು 10–15 ನಿಮಿಷಕ್ಕೊಮ್ಮೆ, ಹಳದಿಯವರನ್ನು ಅರ್ಧ ಗಂಟೆಗೊಮ್ಮೆ, ಹಸಿರಿನವರನ್ನು ಗಂಟೆಗೊಮ್ಮೆ ಮತ್ತೆ ಅಳೆಯಿರಿ. ಬಣ್ಣದ ರಿಬ್ಬನ್ ಮುಂಗೈಗೆ ಕಟ್ಟಿ, ಅದರ ಮೇಲೆ ಮುಂದೆ ನೋಡಬೇಕಾದ ಸಮಯವನ್ನು ಪೆನ್ನಿನಲ್ಲಿ ಬರೆಯಿರಿ. ನೋಡಿದ ಸಮಯ ಬರೆದರೆ ದಾಖಲೆಯಾಗುತ್ತದೆ, ನೋಡಬೇಕಾದ ಸಮಯ ಬರೆದರೆ ಅದು ನಿಮ್ಮನ್ನು ಕರೆಯುತ್ತದೆ. ಮನೆಯವರು "ಯಾಕೋ ಮೊದಲಿನ ಹಾಗಿಲ್ಲ" ಎಂದರೆ ಗಡಿಯಾರ ನೋಡದೆ ಎದ್ದು ಬನ್ನಿ. ನೀರು, ಕಾಫಿ, ಎಳನೀರು ಕೊಡಬೇಡಿ ಎಂದು ಮೊದಲೇ ಹೇಳಿ. ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿಯಿರಬೇಕು.

ಕಿತ್ತಳೆಯೋ ಕೆಂಪೋ ಆದವರಿಗೆ ಡಾಕ್ಟರ್ ಬರುವಷ್ಟರಲ್ಲಿ ನೀವು ಮಾಡಿಡಬಹುದಾದದ್ದು: ಮಲಗಿಸಿ, ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ (ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ), ಎರಡೂ ಕೈಗೆ ದಪ್ಪ ಸೂಜಿ, ಹಸಿರು ಬಣ್ಣದ 18 ಗೇಜ್ ಅಥವಾ ಬೂದು ಬಣ್ಣದ 16. ನೀಲಿ 22ರಲ್ಲಿ ರಕ್ತ ಕೊಡಲು ಹೋದರೆ ಹನಿಹನಿಯೇ. ಸೂಜಿ ಹಾಕುವಾಗಲೇ ರಕ್ತದ ಗುಂಪಿಗೆ, ಕ್ರಾಸ್‌ಮ್ಯಾಚ್‌ಗೆ ಸ್ಯಾಂಪಲ್ ತೆಗೆದಿಡಿ. ಸಲೈನ್ ಬಾಟಲಿಗಳನ್ನು ಒಂದರ ಮೇಲೊಂದು ಸುರಿಸಬೇಡಿ. ಅದು ರಕ್ತವನ್ನು ತೆಳುವಾಗಿಸಿ, ಕಟ್ಟಿದ ಹೆಪ್ಪನ್ನು ಕಿತ್ತೊಗೆಯುತ್ತದೆ. ಡಾಕ್ಟರ ಸೂಚನೆಯಂತೆ 250 ಮಿಲಿ ಕೊಟ್ಟು, ಮುಂಗೈ ನಾಡಿ ಸಿಗುತ್ತಿದೆಯೇ ನೋಡಿ, ಮತ್ತೆ ಅಷ್ಟು. ತಲೆಗೂ ಪೆಟ್ಟಾಗಿದ್ದರೆ ಮಾತ್ರ ಮೇಲಿನ ಅಂಕಿ 110ರ ಕೆಳಗೆ ಬಿಡಬಾರದು, ಮಿದುಳು ತಾಳುವುದಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಡಾಕ್ಟರನ್ನು ನೀವೇ ನೆನಪಿಸಿ. ಬಾಣಂತಿಯರ ರಕ್ತಸ್ರಾವಕ್ಕೆ ಬಳಸುವ ಅದೇ ಔಷಧ, ನಿಮ್ಮ ಹೆರಿಗೆ ಕೋಣೆಯಲ್ಲಿ ಸಿಗಬಹುದು. 1 ಗ್ರಾಂ ಅನ್ನು 100 ಮಿಲಿ ಸಲೈನ್‌ನಲ್ಲಿ ಬೆರೆಸಿ 10 ನಿಮಿಷದಲ್ಲಿ, ಆಮೇಲೆ ಇನ್ನೊಂದು ಗ್ರಾಂ 8 ಗಂಟೆಯಲ್ಲಿ. ಭಾರತವೂ ಸೇರಿದಂತೆ ಹಲವು ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗದಲ್ಲಿ ಇದರಿಂದ ಸಾವು ಕಡಿಮೆಯಾಯಿತು. ಆದರೆ ಪೆಟ್ಟಾಗಿ ಮೂರು ಗಂಟೆಯೊಳಗೆ ಕೊಡಬೇಕು, ತಡವಾದರೆ ಕೇಡು. ಹಾಗಾಗಿ ಅಪಘಾತದ ಸಮಯವನ್ನು ಬಾಗಿಲಲ್ಲೇ ಕೇಳಿ ಬರೆಯುವುದು ನಿಮ್ಮ ಕೆಲಸ.

ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಕೇಸುಗಳ) ಪುಸ್ತಕ, ಪೊಲೀಸ್ ಮಾಹಿತಿ ಎಲ್ಲ ಆಮೇಲೆ. ಮೊದಲು ಜೀವ, ನಂತರ ಕಾಗದ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. ಕರೆತಂದ ದಾರಿಹೋಕರನ್ನು ಹೆಸರು, ವಿಳಾಸಕ್ಕಾಗಿ ಹಿಡಿದು ಕೂರಿಸಬೇಡಿ. ಅವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆಯಿದೆ. ಅವರಿಂದ ನಿಮಗೆ ಬೇಕಾದದ್ದು ಬೇರೆ: ಹೇಗೆ ಬಡಿಯಿತು, ಎಷ್ಟು ಹೊತ್ತಾಯಿತು, ದಾರಿಯಲ್ಲಿ ಎಚ್ಚರ ತಪ್ಪಿತ್ತೇ.

ಹುಡುಗನಂಥವರಿಗೆ ಬೇಕಾದದ್ದು ಸರ್ಜನ್ ಮತ್ತು ರಕ್ತ. ಎರಡೂ ನಿಮ್ಮಲ್ಲಿಲ್ಲದಿದ್ದರೆ ಎಕ್ಸ್‌ರೇ, ರಿಪೋರ್ಟ್‌ಗಳಿಗೆ ಕಾಯದೆ 108ಕ್ಕೆ ಆಗಲೇ ಫೋನ್ ಮಾಡಿಸಿ, ಹೋಗುವ ಆಸ್ಪತ್ರೆಗೂ ಹೊರಡುವ ಮೊದಲೇ ತಿಳಿಸಿ. ಹೇಳುವ ಕ್ರಮ: ಹೇಗೆ ಪೆಟ್ಟಾಯಿತು, ಎಲ್ಲಿ ಪೆಟ್ಟಾಗಿದೆ, ಅಂಕಿಗಳೇನು, ನಾವೇನು ಕೊಟ್ಟಿದ್ದೇವೆ.

ಡಾಕ್ಟರನ್ನು ಎಬ್ಬಿಸುವ ಮಾತಿಗೂ ಇದೇ ಕ್ರಮ. "ಸರ್, ಹೊರಗೊಬ್ಬ ಹುಡುಗನಿಗೆ ಹೊಟ್ಟೆನೋವಂತೆ, ಸ್ವಲ್ಪ ನೋಡ್ತೀರಾ?" ಎಂದರೆ ಹೊಲಿಗೆ ಮುಗಿಸಿ ಬರುತ್ತೇನೆ ಎನ್ನುತ್ತಾರೆ. ಅದು ಅವರ ತಪ್ಪಲ್ಲ, ಆ ಮಾತಿನಲ್ಲಿ ಏಳಬೇಕಾದ ಕಾರಣವೇ ಇಲ್ಲ. ಹತ್ತಿರ ಹೋಗಿ, ಅಂಕಿಗಳನ್ನು ಮುಂದಿಟ್ಟು ಹೇಳಿ: "ಸರ್, 17 ವರ್ಷ, ಬೈಕ್ ಹ್ಯಾಂಡಲ್ ಹೊಟ್ಟೆಗೆ ಬಡಿದಿದೆ, ಎಡಭುಜ ನೋವು. ನಾಡಿ 128, ಬಿಪಿ 110/80, ಉಸಿರು 26, ಕೈ ತಣ್ಣಗಿದೆ. ಅಂಕ 6, ಕಿತ್ತಳೆ. ಒಳಗೆ ರಕ್ತ ಹೋಗ್ತಿರಬಹುದು. ಇವರ ತಲೆ ನಾನು ಒತ್ತಿ ಹಿಡೀತೀನಿ, ನೀವು ಈಗಲೇ ಬನ್ನಿ." ಆಮೇಲೆ ಗ್ಲೌಸ್ ಹಾಕಿದ ಕೈಯನ್ನು ಗಾಜ್ ಪ್ಯಾಡಿನ ಮೇಲಿಡಿ. ಕೇಸ್‌ಶೀಟ್‌ನಲ್ಲಿ ಕರೆದ ಸಮಯವನ್ನು ಬರೆಯಿರಿ.